ಲಾಭ, ಎರಡು, ಮೂರು

ತೆಲಿಗಿ
18-6-1979

ಶ್ರೀ ಜಂಬಯ್ಯನವರಿಗೆ ಉಚ್ಚಂಗೆಪ್ಪನ ನಮಸ್ಕಾರ.

ಕಾಗದದ ಮೊದಲ ಸಾಲಿನಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ತಂಗಿ ಹಂಪಮ್ಮನನ್ನು ಮಣ್ಣಿಗಿಟ್ಟು ತಿಂಗಳು ತುಂಬಿಲ್ಲ. ಈ ಸಲ ಆ ಸಾಲನ್ನು ಬಿಟ್ಟಿದ್ದೇನೆ.

ಅವತ್ತು ಹಗರಿಬೊಮ್ಮನಹಳ್ಳಿಯಲ್ಲಿ ನಿಮ್ಮ ಮನೆ ಮುಂದೆ ಬಂದು ನಿಂತಾಗ ನೀವು ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ನಿಮ್ಮ ಮಗಳು ಗಾದೆಮ್ಮ ಒಂದು ಚೊಂಬು ನೀರು ತಂದುಕೊಟ್ಟು, "ಕುಡೀರಿ ಮಾವ, ಬಿಸಲಾಗ ಬಂದೀರಿ" ಅಂದಳು. ನನ್ನನ್ನು ಮಾವ ಎಂದು ಕರೆಯಬೇಕೆಂದು ಆ ಹುಡುಗಿಗೆ ಯಾರು ಹೇಳಿಕೊಟ್ಟರು? ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅವಳಿಗೆ ನಾಲ್ಕು ವರ್ಷವಿದ್ದಾಗ, ನನ್ನ ಹೆಗಲ ಮೇಲೆ ಕೂತು ಪಂಚಮಿ ಜೋಕಾಲಿಗೆ ಹೋಗುತ್ತಿದ್ದಾಗ. ಹಂಪಮ್ಮನೇ ಹೇಳಿಕೊಟ್ಟಿರಬೇಕು.

ಮಣ್ಣು ಹಾಕುವಾಗ ನನ್ನ ಬಲಗೈ ಮೇಲೇಳಲಿಲ್ಲ. ಎರಡು ವರ್ಷದಿಂದ ರಟ್ಟೆ ಹಿಡಿದುಕೊಂಡಿದೆ. ಎಡಗೈಯಲ್ಲಿ ಹಾಕಿದೆ. ಯಾರೋ ಹಿಂದಿನಿಂದ ಅಪಶಕುನ ಎಂದು ಗೊಣಗಿದರು.

ವಿಷಯಕ್ಕೆ ಬರುತ್ತೇನೆ. ಪಂಚಮಿಗೆ ಇನ್ನು ಒಂದೂವರೆ ತಿಂಗಳಿದೆ. ನಾವಿಬ್ಬರೂ ನಮ್ಮೂರ ಅಗಸಿ ಬಾಗಿಲಿನಿಂದ ದುರುಗಮ್ಮನ ಬೇವಿನ ಮರದವರೆಗೆ ಇನ್ನೊಂದು ಸಲ ಲಿಂಬೆಹಣ್ಣನ್ನು ಬಿದ್ದಲ್ಲಿಂದ ಮತ್ತೆ ಮತ್ತೆ ಎಸೆಯುತ್ತಾ ಹೋಗಬೇಕೆಂದು ನನ್ನ ಆಸೆ. ಪಂದ್ಯ ಬೇಡ. ಯಾರ ಮೀಸೆಯೂ ಬೇಡ. ಮುದುಕರು ಮುದುಕರ ಹಾಗೆ ಎಸೆದುಕೊಂಡು, ನಡೆದುಕೊಂಡು ಹೋಗೋಣ.

ಹಂಪಮ್ಮ ಹದಿನಾರು ಪಂಚಮಿ ತವರಿಗೆ ಬರಲಿಲ್ಲ. ಅಣ್ಣನಾದವನು ಕರೆಯಲು ಹೋಗಲಿಲ್ಲ. ಇದರಲ್ಲಿ ಯಾರ ತಪ್ಪು ಎಷ್ಟು ಎಂದು ಅಳೆಯಲು ಬೇರೆಯವರು ಬೇಡ. ಅಳೆಯುವುದು ನನ್ನ ಕಸುಬಾಗಿತ್ತು, ಅದನ್ನು ನನಗೇ ಬಿಡಿ.

ಇಂತಿ,
ಉಚ್ಚಂಗೆಪ್ಪ


ಹಗರಿಬೊಮ್ಮನಹಳ್ಳಿ
9-7-1979

ಉಚ್ಚಂಗೆಪ್ಪನವರಿಗೆ,

ಕಾಗದ ಮುಟ್ಟಿತು.

ತವರಿಗೆ ಹೋಗಬೇಕಾದವಳೇ ಹೋದ ಮೇಲೆ ಪಂಚಮಿ ಯಾರಿಗೆ? ನನ್ನ ಭುಜವೂ ನಿಮ್ಮದಕ್ಕಿಂತ ಚೆನ್ನಾಗಿಲ್ಲ. ಮೂವತ್ತು ವರ್ಷ ಸ್ಟೇಷನ್ನಿನಲ್ಲಿ ಹಳಿ ತಿರುಗಿಸುವ ಸನ್ನೆಕೋಲು ಎಳೆದ ಭುಜ. ಈಗ ಬಾಚಣಿಗೆ ಹಿಡಿದರೆ ತಲೆಯವರೆಗೆ ಹೋಗುವುದಿಲ್ಲ.

ನಿಮ್ಮ ಊರಲ್ಲಿ ನಾನು ಎಸೆದದ್ದು ಸಾಕಾಗಿದೆ. ಅರವತ್ತೆರಡನೇ ಇಸವಿಯಲ್ಲಿ ದುರುಗಮ್ಮನ ಬೇವಿನ ಬುಡದಲ್ಲೇ ಮೀಸೆ ಬೋಳಿಸಿಕೊಂಡು ಬಂದು ಡ್ಯೂಟಿಗೆ ನಿಂತಾಗ, ಸ್ಟೇಷನ್ ಮಾಸ್ತರು ನನ್ನ ಮುಖ ನೋಡಿ, "ಯಾರು ತೀರಿಕೊಂಡರಪ್ಪ?" ಎಂದು ಕೇಳಿದರು. "ಯಾರೂ ಇಲ್ಲರಿ ಸಾಹೇಬ್ರ" ಅಂದೆ. ಅವರಿಗೆ ನಾನು ಹೇಳಿದ ಸುಳ್ಳು ಅದೊಂದೇ. ಬಾಲ್ಯದಿಂದ ಜೊತೆಗಿದ್ದ ಗೆಳೆಯ ನನ್ನ ಪಾಲಿಗೆ ಹೋಗಿದ್ದ.

ಇನ್ನೊಂದು ಮಾತು. ತಂಗಿಯನ್ನು ನನಗೆ ಕೊಟ್ಟ ದಿನವೂ ನೀವು ನನ್ನನ್ನು ಲೇ ಎಂದೇ ಕರೆದವರು. ಈಗ ಈ 'ನೀವು' ಯಾಕೆ? ಓದಲು ಕಷ್ಟವಾಗುತ್ತದೆ.

ಜಂಬಯ್ಯ


ತೆಲಿಗಿ
4-11-1979

ಜಂಬಯ್ಯನಿಗೆ,

'ನೀವು' ಬಿಟ್ಟೆ. ನೀನೂ ಬಿಡು.

ಪಂಚಮಿ ಬಂತು, ಹೋಯಿತು. ನಾನು ಅಗಸಿ ಕಟ್ಟೆಯ ಮೇಲೆ ಕೂತು ನೋಡಿದೆ. ಈಗಿನ ಹರೆಯದವರು ಎಸೆಯುವುದನ್ನು ನೋಡಿದರೆ ನಗು ಬರುತ್ತದೆ. ತೋಳು ಕಿತ್ತು ಬರುವ ಹಾಗೆ ಬೀಸುತ್ತಾರೆ, ಹಣ್ಣು ಮುಗಿಲಿಗೆ ಹೋಗಿ ಅಲ್ಲೇ ಮೂಗಿನ ಮುಂದೆ ಬೀಳುತ್ತದೆ. ಒಂದೂವರೆ ಮೈಲಿಯ ಆ ದಾರಿಗೆ ಗೆದ್ದವನು ತೆಗೆದುಕೊಂಡದ್ದು ಐವತ್ತೆಂಟು ಎಸೆತ. ಅಷ್ಟಕ್ಕೇ ಅವನನ್ನು ಹೊತ್ತು ಕುಣಿದರು. ನಲವತ್ತೋ ನಲವತ್ತೊಂದೋ ಎಂದು ಹೊಡೆದಾಡಿದ ನಮ್ಮ ಮುಂದೆ ಐವತ್ತೆಂಟು! ಈ ಸಾಲು ಬರೆದು ಹೊಡೆದುಹಾಕಬೇಕೆಂದುಕೊಂಡೆ. ಇರಲಿ.

ನಿನಗೆ ಒಂದು ಗುಟ್ಟು ಹೇಳುತ್ತೇನೆ. ಮೂರು ತಿಂಗಳಿನಿಂದ ದಿನಾ ಬೆಳಿಗ್ಗೆ ನಾನು ಕಣದಲ್ಲಿ ಎಸೆಯುತ್ತಿದ್ದೇನೆ. ಈ ರಟ್ಟೆಯಲ್ಲೇ! ಮೊದಲು ಉಪ್ಪಿನ ಶಾಖ ಕೊಡುತ್ತೇನೆ, ಬಿಸಿಲು ಹೆಗಲಿಗೆ ಬೀಳುವ ತನಕ ಕಾಯುತ್ತೇನೆ. ಕೈ ಮೇಲೆತ್ತಿ ಎಸೆಯುವುದು ಎಳೆಯರ ಕೆಲಸ. ನಮ್ಮ ಕೈ ಸೊಂಟ ದಾಟಬಾರದು. ಹಣ್ಣನ್ನು ಬೆರಳ ತುದಿಯಲ್ಲಿ ಹಿಡಿದು, ತೊಟ್ಟಿಲು ತೂಗಿದ ಹಾಗೆ ಕೆಳಗಿನಿಂದ ಎರಡು ಸಲ ತೂಗಿ ಮೂರನೆಯದಕ್ಕೆ ಬಿಡಬೇಕು. ಅದು ಹಾರುವುದು ಸ್ವಲ್ಪ, ಉರುಳುವುದು ಜಾಸ್ತಿ. ಉರುಳಿದ ದೂರವೂ ದೂರವೇ ತಾನೇ? ಹಣ್ಣು ಮಾಗಿರಬಾರದು, ಎರಡನೇ ಪೆಟ್ಟಿಗೆ ಒಡೆದುಹೋಗುತ್ತದೆ. ದಪ್ಪ ಸಿಪ್ಪೆಯ ದೋರಗಾಯಿ ಬೇಕು. ಹತ್ತು ಎಸೆತಕ್ಕೊಮ್ಮೆ ಕೂರಬೇಕು. ಕೂರಲು ನಾಚಿಕೆಪಟ್ಟವನು ಮಲಗಬೇಕಾಗುತ್ತದೆ.

ನನ್ನ ಹೆಂಡತಿ ನಾಗಲಿಂಗಮ್ಮ ಹಿತ್ತಲ ಬಾಗಿಲಲ್ಲಿ ನಿಂತು, "ಅರವತ್ತಕ್ಕ ಅರಳು ಮರಳು ಅಂತಾರ, ನಿಮಗ ಲಿಂಬಿಹಣ್ಣಿನ ಮರುಳು ಹಿಡದೈತಿ ನೋಡ್ರಿ" ಅನ್ನುತ್ತಾಳೆ. ನಾನು ಎಸೆಯುತ್ತಾ ಬಾಯಲ್ಲಿ ಲಾಭ, ಎರಡು, ಮೂರು ಎಂದು ಎಣಿಸುತ್ತೇನಂತೆ. ಕೊಳಗದಲ್ಲಿ ಜೋಳ ಅಳೆದ ಬಾಯಿ, ಎಲ್ಲಿ ಹೋಗುತ್ತದೆ? ಮೊನ್ನೆ ಅವಳು ನಗುತ್ತಲೇ ಕೇಳಿದಳು. "ದಿನಾ ಲಾಭ ಲಾಭ ಅಂತೀರಿ, ಏನು ಲಾಭ ಆತು?" ನಾನು ಹಣ್ಣು ಹೆಕ್ಕಿಕೊಂಡು ಮನೆಗೆ ಬಂದೆ.

ನೀನೂ ಒಮ್ಮೆ ತೂಗಿ ನೋಡು. ಕೈ ನೋಯುವುದಿಲ್ಲ.

ಉಚ್ಚಂಗೆಪ್ಪ


ಹಗರಿಬೊಮ್ಮನಹಳ್ಳಿ
23-1-1980

ಭಾವ,

ಎಷ್ಟೋ ವರ್ಷವಾದ ಮೇಲೆ ಈ ಎರಡಕ್ಷರ ಬರೆಯುತ್ತಿದ್ದೇನೆ.

ತೂಗಿ ನೋಡಿದೆ. ಬೆಳಗಿನ ಗಾಡಿ ಹೋದ ಮೇಲೆ ಗೂಡ್ಸ್ ಶೆಡ್ಡಿನ ಹಿಂದೆ ಯಾರೂ ಇರುವುದಿಲ್ಲ. ಅಲ್ಲಿ ತುಕ್ಕು ಹಿಡಿದ ಹಳಿಯೊಂದಿದೆ, ಅದರ ಗುಂಟ ಎಸೆದೆ. ನೀನು ಹೇಳಿದ್ದು ನಿಜ, ನೋಯಲಿಲ್ಲ. ಹೆಂಡತಿ ಸತ್ತು ವರ್ಷ ತುಂಬಿಲ್ಲ, ನೋಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆದರೂ ಮರುದಿನ ಮತ್ತೆ ಹೋದೆ.

ಹಿತ್ತಲಲ್ಲಿ ಹಂಪಮ್ಮ ನೆಟ್ಟ ಲಿಂಬೆ ಗಿಡವಿದೆ. ಅದರ ಕಾಯನ್ನೇ ಕಿತ್ತುಕೊಂಡು ಹೋಗುತ್ತೇನೆ. ಇದ್ದಿದ್ದರೆ ಬಿಡುತ್ತಿರಲಿಲ್ಲ. "ಉಪ್ಪಿನಕಾಯಿಗೆ ಇಟ್ಟಿದ್ದೆರಿ, ಎಸಿಯಾಕಲ್ಲ" ಅನ್ನುತ್ತಿದ್ದಳು. ಈಗ ಕಾಯಿ ಕೀಳುವಾಗ ಕೇಳುವವರಿಲ್ಲ. ಕಿತ್ತ ಮೇಲೂ ಒಂದು ಗಳಿಗೆ ಅಲ್ಲೇ ನಿಂತಿರುತ್ತೇನೆ.

ನಾನು ಪಂಚಮಿಗೆ ಬರುತ್ತೇನೆ ಎಂದೇ ಇಟ್ಟುಕೋ. ಆದರೆ ಒಂದು ಕೇಳುತ್ತೇನೆ, ಯೋಚಿಸಿ ಬರೆ. ಅವತ್ತು ಎಣಿಸಿದ್ದು ನೀನು. ಈ ಸಲ ಎಣಿಸುವವರು ಯಾರು?

ಜಂಬಯ್ಯ


ತೆಲಿಗಿ
10-3-1980

ಜಂಬಯ್ಯ,

ನಿನ್ನ ಕಾಗದದ ಕೊನೆಯ ಸಾಲು ಓದಿ ಅದನ್ನು ಮಡಚಿ ಜಂತಿಯ ಸಂದಿಯಲ್ಲಿ ಸಿಕ್ಕಿಸಿಟ್ಟೆ. ಆರು ವಾರ ಅಲ್ಲೇ ಇತ್ತು. ಉಣ್ಣಲು ಕೂತರೆ ಕಣ್ಣಿಗೆ ಅದೇ ಬೀಳುತ್ತಿತ್ತು. ಇವತ್ತು ಬರೆಯುತ್ತೇನೆ. ಗಾದೆಮ್ಮನ ಕೈಯಲ್ಲಿ ಓದಿಸಬೇಡ, ನೀನೇ ಓದು.

ಅಳತೆಗಾರರ ಬಾಯಲ್ಲಿ 'ಒಂದು' ಎಂಬ ಮಾತಿಲ್ಲ. ಮೊದಲ ಕೊಳಗಕ್ಕೆ ಲಾಭ ಎನ್ನುತ್ತೇವೆ, ಮುಂದಿನದಕ್ಕೆ ಎರಡು. ಒಂದು ಎಂದರೆ ರಾಶಿಗೆ ಒಳ್ಳೆಯದಲ್ಲ ಎಂದು ಅಪ್ಪ ಹೇಳಿಕೊಟ್ಟಿದ್ದ. ಇದು ನಿನಗೂ ಗೊತ್ತು.

ಅವತ್ತು ಅಗಸಿಯಲ್ಲಿ ಆಟ ಶುರುವಾಗುವ ಮೊದಲು ಪದ್ಧತಿಯಂತೆ ನೀನು ದುರುಗಮ್ಮನ ಹೆಸರಿನಲ್ಲಿ ಒಂದು ಹಣ್ಣು ನಿವಾಳಿಸಿ ಎಡಕ್ಕೆ ಎಸೆದೆ. ಅದು ದೇವಿಯ ಹಣ್ಣು, ಲೆಕ್ಕಕ್ಕಿಲ್ಲ. ಆದರೆ ನಿನ್ನ ಕೈ ಬೀಸಿದ್ದು ಕಂಡೊಡನೆ ನನ್ನ ಬಾಯಿ ತಾನೇ ತೆರೆದು ಲಾಭ ಅಂದಿತು. ಆಮೇಲೆ ನೀನು ದಾರಿಗೆ ಎಸೆದ ಮೊದಲ ಹಣ್ಣಿಗೆ ನಾನು ಎರಡು ಅಂದೆ. ನಲವತ್ತು ಎಸೆತಕ್ಕೆ ಬೇವು ಮುಟ್ಟುತ್ತೇನೆ ಎಂದು ನೀನು ಮೀಸೆ ಪಣಕ್ಕಿಟ್ಟಿದ್ದೆ. ನಲವತ್ತಕ್ಕೇ ಮುಟ್ಟಿದೆ. ನಾನು ನಲವತ್ತೊಂದು ಎಂದು ಕೂಗಿದೆ.

ಅಷ್ಟೇ ಆಗಿದ್ದರೆ ಬಾಯಿ ತಪ್ಪು ಎನ್ನಬಹುದಿತ್ತು. ನೀನು ತಕರಾರು ತೆಗೆದಾಗ ನಾನು ಎಲ್ಲರ ಮುಂದೆ, "ಹಸಿರು ಕೆಂಪು ನೋಡೋ ರೈಲಿನವನಿಗೆ ಎಣಿಕಿ ಎಲ್ಲಿ ಬರ್ತೈತಲೇ" ಅಂದೆ. ಜನ ನಕ್ಕರು. ನೀನು ಕೂತು ಮೀಸೆ ಬೋಳಿಸಿಕೊಂಡೆ.

ನನಗೆ ತಪ್ಪು ಹೊಳೆದದ್ದು ಅವತ್ತೇ ಸಂಜೆ, ಕೈಕಾಲು ತೊಳೆಯುವಾಗ. ನೀನು ಹಂಪಮ್ಮನನ್ನೂ ಮಗುವನ್ನೂ ಕರೆದುಕೊಂಡು ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಬಸ್ಸು ತಡವಾಗಿತ್ತು. ನಾನು ಕಟ್ಟೆಯ ಮೇಲಿಂದ ನಿಮ್ಮನ್ನು ನೋಡುತ್ತಲೇ ಇದ್ದೆ. ಎದ್ದು ನೂರು ಹೆಜ್ಜೆ ಬಂದಿದ್ದರೆ ಸಾಕಿತ್ತು. ಬರಲಿಲ್ಲ. ಉಚ್ಚಂಗೆಪ್ಪನ ಎಣಿಕೆ ತಪ್ಪುವುದಿಲ್ಲ ಎಂದೇ ಊರು ನನ್ನ ಕೈಗೆ ಕೊಳಗ ಕೊಡುತ್ತಿತ್ತು. ನಲವತ್ತು ಎಣಿಸಲು ಬಾರದವನು ಎಂದಾದರೆ ಮಾರನೇ ದಿನ ಯಾರು ಕರೆಯುತ್ತಾರೆ ಎಂದು ಹೆದರಿದೆ.

ಐದು ವರ್ಷಕ್ಕೆ ಊರೂರಿಗೆ ತಕ್ಕಡಿ ಬಂದು ಕೊಳಗ ಅಟ್ಟ ಸೇರಿತು. ಆಗಲಾದರೂ ಬರಬಹುದಿತ್ತು. ಐದು ವರ್ಷ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ಕೇಳುತ್ತೀಯೆಂಬ ಹೆದರಿಕೆ. ಹತ್ತು ವರ್ಷವಾದಾಗ ಹತ್ತರ ಹೆದರಿಕೆ. ಪ್ರತಿ ಪಂಚಮಿಗೂ ನಾಗಲಿಂಗಮ್ಮ ಉಂಡಿ ಕಟ್ಟಿ, "ಹೋಗಿ ಕರ್ಕೊಂಡು ಬರ್ರಿ" ಅನ್ನುತ್ತಿದ್ದಳು. ನಿನ್ನ ಬಾಗಿಲಿಗೆ ಬಂದರೆ ನಿನ್ನ ಮುಖ ನೋಡಬೇಕಲ್ಲ. ಅದಕ್ಕೇ ಬರಲಿಲ್ಲ. ತಂಗಿಗಿಂತ ನನಗೆ ನನ್ನ ಬಾಯಿ ಹೆಚ್ಚಾಯಿತು.

ಎಣಿಸುವವರು ಯಾರು ಎಂದು ಕೇಳಿದ್ದೀಯ. ನಾನಂತೂ ಅಲ್ಲ.

ಉಚ್ಚಂಗೆಪ್ಪ


ತೆಲಿಗಿ
21-4-1980

ಜಂಬಯ್ಯ,

ಕಾರ್ಡಿನಲ್ಲಿ ಹೆಚ್ಚು ಬರೆಯಲಾಗದು. ಮಾರ್ಚಿನ ಕಾಗದ ಮುಟ್ಟಿತೇ? ಬೈದಾದರೂ ಒಂದು ಸಾಲು ಬರೆ. ಟಪಾಲಿನವನು ನಮ್ಮ ಮನೆ ದಾಟಿ ಹೋಗುವುದನ್ನು ದಿನಾ ನೋಡುತ್ತಿದ್ದೇನೆ.

ಉ.


ಹಗರಿಬೊಮ್ಮನಹಳ್ಳಿ
2-7-1980

ಭಾವ,

ಮುಟ್ಟಿತು. ಓದಿ ಮೂರೂವರೆ ತಿಂಗಳಾಯಿತು. ಬೈಯುವುದಿದ್ದರೆ ಅವತ್ತೇ ಬರೆಯುತ್ತಿದ್ದೆ.

ನಲವತ್ತೆಂದು ನನಗೆ ಗೊತ್ತಿತ್ತು. ನನ್ನ ಎಣಿಕೆಯಿಂದಲ್ಲ, ಹಂಪಮ್ಮನಿಂದ. ಅವತ್ತು ಅವಳು ಬುತ್ತಿ ಹೊತ್ತು ನಮ್ಮ ಹಿಂದೆ ಬರುತ್ತಿದ್ದಳು, ನೆನಪಿದೆಯೇ? ಚೌಕಾಬಾರ ಆಡಲು ತಂದಿದ್ದ ಹುಣಸೆಬೀಜ ಅವಳ ಉಡಿಯಲ್ಲಿತ್ತು. ನಾನು ಎಸೆದಾಗಲೆಲ್ಲ ಒಂದು ಬೀಜ ತೆಗೆದು ಎಲೆ ಅಡಿಕೆಯ ಚಂಚಿಗೆ ಹಾಕಿಕೊಂಡಳಂತೆ. ದೇವಿಯ ಹಣ್ಣಿಗೆ ಹಾಕಿರಲಿಲ್ಲ. ನಾನು ಮೀಸೆಗೆ ನೀರು ಹಚ್ಚಿಕೊಳ್ಳುವಾಗ ಹತ್ತಿರ ಬಂದು, "ನಲವತ್ತೇ ಅದಾವರಿ, ಅಣ್ಣ ತಪ್ಯಾನ, ಹೇಳ್ಲೇನು?" ಅಂದಳು. ನಾನೇ ಬೇಡವೆಂದೆ. "ನಿಮ್ಮಣ್ಣನ ಎಣಿಕಿ ತಪ್ಪಂತ ಊರ ಮುಂದ ಹೇಳಿದ್ರ ಆ ಮನಿ ಒಲಿ ಹೆಂಗ ಉರಿತೈತಿ? ಮೀಸಿ ಮತ್ತ ಬರ್ತೈತಿ, ಸುಮ್ನಿರು" ಅಂದೆ.

ಮೀಸೆ ಎರಡು ತಿಂಗಳಿಗೆ ಬಂತು.

ನಿನಗೇ ಹೊಳೆಯುತ್ತದೆ, ಪಂಚಮಿಗೆ ಕರೆಯಲು ಬಂದಾಗ ಹೇಳುತ್ತೀಯ ಎಂದುಕೊಂಡಿದ್ದೆವು. "ಅಣ್ಣ ಬರ್ತಾನ, ಬಂದ ಮ್ಯಾಲ ಹೋಗ್ತೀನಿ" ಅನ್ನುತ್ತಿದ್ದಳು. ಪ್ರತಿ ವರ್ಷ ಸೀರೆ ಮಡಚಿ ಚೀಲದಲ್ಲಿಟ್ಟು, ಹರಪನಹಳ್ಳಿ ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಬಸ್ಸು ಹೋದ ಮೇಲೆ ಚೀಲ ಬಿಚ್ಚುತ್ತಿದ್ದಳು. ನಾನೇ ಕರೆದುಕೊಂಡು ಹೋಗುತ್ತೇನೆಂದರೆ, "ಕರೀದ ತವರಿಗೆ ಹೆಂಗ ಹೋಗ್ಲಿ" ಎಂದು ಮುಖ ತಿರುಗಿಸುತ್ತಿದ್ದಳು. ನಾನು ಒಂದು ಕಾಗದ ಹಾಕಿದ್ದರೆ ಮುಗಿಯುತ್ತಿತ್ತು. ತಪ್ಪು ಅವನದು, ಅವನೇ ಬರಲಿ ಎಂದು ನಾನೂ ಬಿಗಿದುಕೊಂಡೆ. ಆದ್ದರಿಂದ ಎಲ್ಲವನ್ನೂ ನಿನ್ನ ಪಾಲಿಗೇ ಅಳೆದುಕೊಳ್ಳಬೇಡ. ಅರ್ಧ ಕೊಳಗ ನನಗೂ ಬಿಡು.

ಪಂಚಮಿಗೆ ಬರುತ್ತೇನೆ. ಆದರೆ ನಾನಾಗಿ ಬರುವುದಿಲ್ಲ. ಅವಳನ್ನು ಕರೆಯಲು ಹೇಗೆ ಬರಬೇಕಿತ್ತೋ ಹಾಗೆ ಬಂದು ಬಾಗಿಲಲ್ಲಿ ನಿಂತು ಕರೆ. ಉಂಡಿ ತಾ.

ಜಂಬಯ್ಯ


ತೆಲಿಗಿ
20-8-1980

ಜಂಬಯ್ಯ,

ನೀನೂ ಗಾದೆಮ್ಮನೂ ಸುಖವಾಗಿ ಊರು ಮುಟ್ಟಿದ್ದೀರೆಂದು ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದ್ದು ತಲುಪಿತು. ಎದುರಿಗೆ ಹೇಳಲಾಗದ ಎರಡು ಮೂರು ಮಾತು ಉಳಿದಿವೆ, ಅದಕ್ಕೆ ಈ ಕಾಗದ.

ನಿನ್ನ ಬಾಗಿಲಲ್ಲಿ ನಿಂತು, "ಹಂಪಿ, ಪಂಚಮಿಗೆ ಕರಿಯಾಕ ಬಂದೀನವ್ವ" ಅನ್ನಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ನಿಂತಾಗ ಬಾಯಿಗೆ ಬಂದದ್ದು "ಗಾದೆಮ್ಮ, ಒಂದೀಟು ನೀರು ಕೊಡವ್ವ" ಎಂದು. ನೀನು ಒಳಗಿನಿಂದ ಏನೂ ಕೇಳದವನ ಹಾಗೆ ಚೀಲ ಹಿಡಿದು ಹೊರಟು ಬಂದೆ. ನಾನು ಅನ್ನಲಾಗದ್ದು ನಿನಗೆ ಕೇಳಿತು ಎಂದೇ ತಿಳಿದುಕೊಂಡಿದ್ದೇನೆ.

ಇನ್ನೊಂದನ್ನು ನಿನಗೆ ಹೇಳಿಯೇ ಇಲ್ಲ. ನಿನ್ನನ್ನು ಕರೆಯಲು ಬರುವ ಹಿಂದಿನ ದಿನ ಅಗಸಿ ಕಟ್ಟೆಗೆ ಹೋಗಿ ಎಲ್ಲರ ಮುಂದೆ ನಿಂತು ಹೇಳಿದೆ. ಅರವತ್ತೆರಡರಲ್ಲಿ ಜಂಬಯ್ಯ ಗೆದ್ದಿದ್ದ, ನಾನು ತಪ್ಪು ಎಣಿಸಿದೆ, ಗೊತ್ತಾದ ಮೇಲೂ ಮುಚ್ಚಿಟ್ಟೆ ಎಂದೆ. ಹರೆಯದವರು ಮುಖ ಮುಖ ನೋಡಿಕೊಂಡರು. ಒಬ್ಬ, "ಯಾವ ಪಂದ್ಯರಿ ತಾತ?" ಅಂದ. ನಮ್ಮ ಓರಗೆಯ ಮಂಜಣ್ಣನಿದ್ದಾನಲ್ಲ, ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವನು, ಅವನು ಬಹಳ ಹೊತ್ತು ಯೋಚಿಸಿ, "ಜಂಬಯ್ಯ ಮೀಸಿ ಬೋಳಿಸಿಕೊಂಡಿದ್ನೇನು? ನನಗ ನೆನಪಿಲ್ಲಪ" ಅಂದ. ಆಮೇಲೆ ಮಳೆಯ ಮಾತು ಶುರುವಾಯಿತು. ಯಾರ ನೆನಪಿನಲ್ಲೂ ಇಲ್ಲದ ಒಂದು ಮಾತಿಗೆ ಹೆದರಿ ನಾನು ತಂಗಿಯನ್ನು ಹದಿನಾರು ವರ್ಷ ಬಾಗಿಲಲ್ಲಿ ನಿಲ್ಲಿಸಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

ಹಬ್ಬದ ದಿನದ ಆಟ ನನಗೆ ಇನ್ನೂ ಕಣ್ಣ ಮುಂದಿದೆ. ನಾವಿಬ್ಬರೂ ತೂಗಿ ತೂಗಿ ಬಿಟ್ಟದ್ದು, ಹಂಪಮ್ಮನ ಗಿಡದ ಕಾಯಿ ಉರುಳಿ ಉರುಳಿ ಹೋದದ್ದು, ಹತ್ತಕ್ಕೊಮ್ಮೆ ಬದುವಿನ ಮೇಲೆ ಕೂತದ್ದು. ಗಾದೆಮ್ಮ ಎಣಿಸಿದಳು. ಅವಳು ನಲವತ್ತು ಅಂದಾಗ ನಾವು ಇನ್ನೂ ಹಾಳುಬಾವಿಯ ಹತ್ತಿರವೇ ಇದ್ದೆವು. ಅರ್ಧ ದಾರಿಯೂ ಆಗಿರಲಿಲ್ಲ, ಬೇವು ದೂರದಲ್ಲಿ ಕಾಣುತ್ತಿತ್ತು. ನಾನು ಇನ್ನೊಂದಕ್ಕೆ ಕೈ ತೂಗಿದೆ. ನೀನು ಹಿಡಿದುಕೊಂಡು, "ಸಾಕು ಭಾವ. ನಲವತ್ತಕ್ಕ ಮುಗಿಸೋಣ" ಅಂದೆ. ಆ ಕಾಯಿಯನ್ನು ಅಲ್ಲೇ ಬಿಟ್ಟು ಬಂದೆವು. ನಿನ್ನೆ ಹೋಗಿ ನೋಡಿದೆ, ಇನ್ನೂ ಅಲ್ಲೇ ಇದೆ.

ಬಸ್ಸು ಹತ್ತುವಾಗ ನೀನು ನನ್ನ ಅಂಗೈಗೆ ಅವಳ ಚಂಚಿ ಹಾಕಿ ಬೆರಳು ಮಡಚಿದೆ. ಮನೆಗೆ ತಂದೆ. ನಾಗಲಿಂಗಮ್ಮನಿಗೆ ಹೇಳಿ ಅಟ್ಟದಿಂದ ಕೊಳಗ ಇಳಿಸಿದೆ. ಬೀಜಗಳನ್ನು ಅದರಲ್ಲಿ ಸುರಿದೆ. ತಳವೂ ಮುಚ್ಚಲಿಲ್ಲ. ಎಷ್ಟೋ ವರ್ಷ ಎಲೆ ಅಡಿಕೆಯ ಜೊತೆಗಿದ್ದ ಅವುಗಳಿಂದ ಅವಳ ಬಾಯಿಯ ವಾಸನೆ ಬರುತ್ತಿತ್ತು. ನಾನು ಅತ್ತೆ, ಜಂಬಯ್ಯ. ಅವಳನ್ನು ಮಣ್ಣಿಗಿಟ್ಟಾಗ ಅಳು ಬಂದಿರಲಿಲ್ಲ.

ಆಮೇಲೆ ಎಣಿಸಲು ಕೂತೆ. ಎಣಿಸುವುದಿಲ್ಲವೆಂದು ನಿನಗೆ ಬರೆದಿದ್ದೆ, ಆದರೆ ಇವು ಅವಳ ಬೀಜ. ಮೊದಲನೆಯದನ್ನು ಕೈಗೆ ತೆಗೆದುಕೊಂಡೆ. ನಲವತ್ತು ವರ್ಷ ಈ ಬಾಯಿ ಮೊದಲ ಎಣಿಕೆಗೆ ಒಂದೇ ಮಾತು ಆಡಿದೆ. ಆ ಮಾತು ನಾಲಿಗೆಯ ತುದಿಯವರೆಗೆ ಬಂತು. ಲಾಭ ಎನ್ನಲು ಆಗಲಿಲ್ಲ.

ಒಂದು, ಎಂದೆ.

ನಲವತ್ತಕ್ಕೆ ಮುಗಿದವು.

ಹಂಪಮ್ಮನ ಅಣ್ಣ,
ಉಚ್ಚಂಗೆಪ್ಪ